ಕೇಳಿ–ಓದಿ: ನೇತ್ರಾಣಿಯ ನೀರಿನ ಕೆಳಗೆ ಏನೈತಿ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಸ್ಕೂಬಾಕ್ಕೆ ಹೊರಡುವವರಿಗೆ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕೇಳುಗರಿಗೆ ಇವತ್ತು ಸ್ವಲ್ಪ ಬೇರೆ ವಿಷಯ ತಂದಿದ್ದೇನೆ. ಮಳೆ, ಗೋವಿನಜೋಳ, ಮೆಣಸಿನಕಾಯಿ ದರ ಇವನ್ನೆಲ್ಲ ಒಂದಿಷ್ಟು ಹೊತ್ತು ಬದಿಗಿಟ್ಟು ಸಮುದ್ರದ ಕೆಳಗೆ ಹೋಗಿ ಬರೋಣ.

ನಮ್ಮ ಕಡೆಯವರಿಗೆ ಸಮುದ್ರ ಅಂದ್ರೆ ಏನು ಹೇಳ್ರಿ? ರಜೆ ಬಂತು ಅಂದ್ರೆ ನಾಲ್ಕು ಮನೆಯವರು ಸೇರಿ ಗಾಡಿ ಮಾಡೋದು, ಬುತ್ತಿ ಕಟ್ಟಿಕೊಳ್ಳೋದು, ಶಿರಸಿ ಮಾರಿಕಾಂಬೆ, ಇಡಗುಂಜಿ ಗಣಪತಿ, ಮುರುಡೇಶ್ವರ, ಗೋಕರ್ಣ ಮುಗಿಸಿ ವಾಪಸ್ ಬರೋದು. ಈಗ ಕೆಲವು ವರ್ಷಗಳಿಂದ ಈ ಪಟ್ಟಿಗೆ ಇನ್ನೊಂದು ಸೇರಿದೆ. ಮಕ್ಕಳು ಮೊಬೈಲ್ ತೋರಿಸಿ, ‘ಅಪ್ಪಾ, ನೇತ್ರಾಣಿಗೆ ಹೋಗೋಣು, ಸ್ಕೂಬಾ ಮಾಡೋಣು’ ಅಂತಾರೆ. ಪುನೀತ್ ರಾಜ್‌ಕುಮಾರ್ ಅವರು ಅಮೋಘವರ್ಷ ಅವರ ಜೊತೆ ಮಾಡಿದ ‘ಗಂಧದ ಗುಡಿ’ 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂತಲ್ಲ, ಅದರಲ್ಲಿ ಅಪ್ಪು ನೀರಿನೊಳಗೆ ಇಳಿದದ್ದನ್ನು ನೋಡಿದ ಮೇಲಂತೂ ಈ ಆಸೆ ಊರೂರಿಗೆ ಹಬ್ಬಿತು.

ಆಸೆ ತಪ್ಪಲ್ಲ. ಆದರೆ ಹೋಗೋ ಮುಂಚೆ ಕೇಳೋ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ರೇಟ್ ಎಷ್ಟ್ರೀ?’ ಕೇಳಬೇಕಾದ ಬೇರೆ ಪ್ರಶ್ನೆ ಭಾಳ ಅದಾವ. ಅಲ್ಲಿನ ನೀರು ಹೇಗಿರುತ್ತದೆ, ಯಾವಾಗ ಹೋಗಬೇಕು, ಒಳಗೆ ಏನು ಕಾಣುತ್ತದೆ, ನಮ್ಮ ಮೈಗೆ ಏನಾಗುತ್ತದೆ, ಘಟ್ಟ ಹತ್ತಿ ಊರಿಗೆ ಬರುವಾಗ ಏನು ಎಚ್ಚರ ಬೇಕು. ಇವತ್ತು ಇದನ್ನೇ ಒಂದೊಂದಾಗಿ ಮಾತಾಡೋಣ.

ಎಲ್ಲಿದೆ ಈ ಗುಡ್ಡ?

ನೇತ್ರಾಣಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ. ಇಂಗ್ಲಿಷರ ಕಾಲದ ನಕ್ಷೆಗಳಲ್ಲಿ ಪಾರಿವಾಳದ ದ್ವೀಪ ಅಂತ ಹೆಸರು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ದೋಣಿಯಲ್ಲಿ ಒಂದು–ಒಂದೂವರೆ ತಾಸಿನ ದಾರಿ. ಮೇಲೆ ಕಾಡು, ಕಡಿದಾದ ಬಂಡೆ. ಬಂಡೆಗಳ ಮೇಲಿನ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಕರಾವಳಿಯ ಮೀನುಗಾರರಿಗೆ ಇದು ಬರೀ ಕಲ್ಲುಗುಡ್ಡ ಅಲ್ಲ. ಅಲ್ಲಿನ ಜಟ್ಟಿಗ ದೇವರಿಗೆ ಹರಕೆ ಒಪ್ಪಿಸುವ ರೂಢಿ ಹಿಂದಿನಿಂದ ಇದೆ.

ಲಕ್ಷದ್ವೀಪದ ಥರ ಮೈಲುಗಟ್ಟಲೆ ಹವಳದ ದಿಬ್ಬ ಇಲ್ಲಿಲ್ಲ. ನೀರಿನ ಕೆಳಗೂ ದೊಡ್ಡ ದೊಡ್ಡ ಬಂಡೆ ಅದಾವ. ಆ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಬೆಳೆದಿದೆ. ಸುತ್ತ ಕೆಸರು, ಮರಳಿನ ತಳ ಇರುವ ಕಡಲಿನ ನಡುವೆ ಇಷ್ಟು ಗಟ್ಟಿ ಜಾಗ ಸಿಕ್ಕರೆ ಏನಾಗುತ್ತದೆ? ಬಯಲಿನಲ್ಲಿ ಒಂದೇ ಒಂದು ದೊಡ್ಡ ಆಲದ ಮರ ಇದ್ದರೆ ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವಲ್ಲ, ಹಾಗೆ. ಹಿಡಿದುಕೊಳ್ಳೋಕೆ ಜಾಗ ಬೇಕಾದ ಹವಳ, ಸ್ಪಂಜು, ಅಡಗೋಕೆ ಸಂದಿ ಬೇಕಾದ ಮೀನು, ಆ ಮೀನು ತಿನ್ನೋ ದೊಡ್ಡ ಮೀನು, ಎಲ್ಲವೂ ಒಂದೇ ಕಡೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ನೇತ್ರಾಣಿಯ ಜೀವರಾಶಿಯ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದು ಈ ಕಾರಣಕ್ಕೇ.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗೋ ಮಾತೇ ಇಲ್ಲ. ಮುಂಗಾರಿನ ಅಲೆಗೆ ಸಣ್ಣ ದೋಣಿ ನಿಲ್ಲೋದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಸ್ಕೂಬಾ ಸಾಮಾನ್ಯವಾಗಿ ಶುರುವಾಗೋದು ಅಕ್ಟೋಬರ್‌ನಲ್ಲಿ; ಮೇವರೆಗೆ ನಡೆಯುತ್ತದೆ.

ಆದರೆ ಅಕ್ಟೋಬರ್‌ನ ನೀರು ಬೇರೆ, ಜನವರಿಯ ನೀರು ಬೇರೆ. ಯಾಕೆ ಅಂತ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಹೇಳಬಹುದು. ನಮ್ಮ ವರದಾ ನದಿ ಹುಟ್ಟೋದು ಎಲ್ಲಿ? ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಅದು ಮೂಡಣಕ್ಕೆ ಹರಿದು, ನಮ್ಮ ಹೊಲಗಳಿಗೆ ನೀರು ಕೊಟ್ಟು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಅದೇ ಸಾಗರ ತಾಲ್ಲೂಕಿನಲ್ಲಿ ಹರಿಯೋ ಶರಾವತಿ ಪಡುವಣಕ್ಕೆ ತಿರುಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ವರದೆ ತುಂಬಿ ಬಂದಾಗ ನೀರು ಯಾವ ಬಣ್ಣ ಇರುತ್ತದೆ ನೆನಪು ಮಾಡಿಕೊಳ್ರಿ. ಚಹಾದ ಬಣ್ಣ. ಪಡುವಣದ ಹೊಳೆಗಳೂ ಹಾಗೇ ಕೆಂಪು ಮಣ್ಣು ಹೊತ್ತು ಕಡಲಿಗೆ ಹೋಗುತ್ತವೆ. ಆ ಮಣ್ಣು ಕೆಳಗೆ ಕೂರೋಕೆ ತಿಂಗಳುಗಟ್ಟಲೆ ಬೇಕು.

ಇನ್ನೊಂದು ಕಾರಣವೂ ಇದೆ. ಮುಂಗಾರಿನ ಗಾಳಿ ಮೇಲಿನ ನೀರನ್ನು ತಳ್ಳಿದಾಗ, ಆಳದ ತಣ್ಣನೆ ನೀರು ಕರಾವಳಿಯ ಹತ್ತಿರ ಮೇಲೆ ಬರುತ್ತದೆ. ಅದರಲ್ಲಿ ಗೊಬ್ಬರದಂಥ ಪೋಷಕಾಂಶ ಭಾಳ. ಹೊಲಕ್ಕೆ ಗೊಬ್ಬರ ಹಾಕಿದ ಮೇಲೆ ಕಳೆ ಎದ್ದ ಹಾಗೆ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು, ಪ್ಲವಕಗಳು, ಒಮ್ಮೆಲೇ ಏಳುತ್ತವೆ. ನೀರು ಹಸಿರಾಗುತ್ತದೆ. ಬಂಗಡೆ, ತಾರ್ಲಿಯಂಥ ಮೀನು ಬದುಕೋದು ಈ ಸರಪಳಿಯ ಮೇಲೆಯೇ. ಅಂದ್ರೆ ಮುಳುಗುಗಾರನ ಕಣ್ಣಿಗೆ ಕೆಟ್ಟ ನೀರು, ಮೀನಿನ ಹೊಟ್ಟೆಗೆ ಒಳ್ಳೆಯ ನೀರು. ‘ನೀರು ಹಸಿರಿತ್ತು, ನಮಗೆ ಮೋಸ ಆಯ್ತು’ ಅಂತ ಬೇಸರ ಮಾಡಿಕೊಳ್ಳುವವರು ಇದನ್ನು ತಿಳಿದಿರಬೇಕು.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸಾಮಾನ್ಯವಾಗಿ ನೀರು ತಿಳಿ. ಒಳ್ಳೆಯ ದಿನ 15–20 ಮೀಟರ್ ದೂರದವರೆಗೆ ಕಾಣಬಹುದು, ಕೆಟ್ಟ ದಿನ 5 ಮೀಟರ್ ಕಾಣೋದೂ ಕಷ್ಟ. ನೀರಿನ ಬಿಸಿ 27ರಿಂದ 30 ಡಿಗ್ರಿ ಆಸುಪಾಸು. ನಮ್ಮ ಬಾವಿ ನೀರಿಗಿಂತ ಬೆಚ್ಚಗೆ ಅನ್ನಿಸುತ್ತದೆ. ಇದನ್ನು ಯುರೋಪಿನ ಮೆಡಿಟರೇನಿಯನ್ ಸಮುದ್ರಕ್ಕೆ ಹೋಲಿಸಿ ನೋಡ್ರಿ. ಸ್ಕೂಬಾದ ಉಪಕರಣ ಹುಟ್ಟಿದ್ದೇ ಅಲ್ಲಿ. ಫ್ರಾನ್ಸ್‌ನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಇದನ್ನು ರೂಪಿಸಿದರು. ಅಲ್ಲಿ ಚಳಿಗಾಲದಲ್ಲಿ ನೀರು 13 ಡಿಗ್ರಿವರೆಗೆ ಇಳಿಯುತ್ತದೆ. ದಪ್ಪನೆಯ ರಬ್ಬರ್ ಅಂಗಿ ಇಲ್ಲದೆ ಇಳಿಯೋಕೆ ಆಗೋದಿಲ್ಲ. ಆದರೆ ಅಲ್ಲಿ ಉಬ್ಬರ–ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಮುಂಗಾರಿನ ಕೆಸರೂ ಇಲ್ಲ. ನಮ್ಮಲ್ಲಿ ನೀರು ಬೆಚ್ಚಗೆ, ಆದರೆ ಚಂದ್ರ ಮತ್ತು ಮಳೆ ಹೇಳಿದ ಹಾಗೆ ಕುಣಿಯುತ್ತದೆ.

ಚಂದ್ರ ಅಂದೆ. ಇದಕ್ಕೆ ನಮ್ಮ ಮನೆಯ ಗೋಡೆ ಮೇಲಿನ ಕ್ಯಾಲೆಂಡರೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನಗಳಲ್ಲಿ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ನೀರಿನ ಸೆಳೆತ ಜೋರು. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಅದು ಸಣ್ಣದು, ನೀರು ಶಾಂತ. ಹೊಸಬರು ದಿನ ಆರಿಸಿಕೊಳ್ಳೋಕೆ ಅವಕಾಶ ಇದ್ದರೆ ಅಷ್ಟಮಿಯ ಹತ್ತಿರದ ದಿನ ನೋಡಿಕೊಳ್ಳೋದು ಒಳ್ಳೇದು. ಹಾಗೇ ಬೆಳಗಿನ ದೋಣಿ. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಬೀಸೋಕೆ ಶುರುವಾಗುತ್ತದೆ, ಅಲೆ ಏಳುತ್ತದೆ. ದೋಣಿಯಲ್ಲಿ ವಾಂತಿ ಮಾಡಿಕೊಳ್ಳೋರು ಹೆಚ್ಚಾಗೋದು ಆಗಲೇ.

ಒಳಗೆ ಮೈಗೆ ಏನಾಗುತ್ತದೆ?

‘ನನಗ ಈಜು ಬರೂದಿಲ್ರೀ, ನಡೀತೈತೇನು?’ ಇದು ಭಾಳ ಜನ ಕೇಳೋ ಪ್ರಶ್ನೆ. ಮೊದಲ ಸಲ ಅನುಭವಕ್ಕೆಂದು ಇಳಿಸುವಾಗ ಒಬ್ಬ ತರಬೇತುದಾರ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾನೆ, ಹಾಗಾಗಿ ಈಜು ಬರದವರನ್ನೂ ಕರೆದೊಯ್ಯುತ್ತಾರೆ. ಪ್ಯಾಡಿ ಅನ್ನೋ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯ ನಿಯಮದ ಪ್ರಕಾರ ಇಂಥ ಅನುಭವದ ಮುಳುಗಿಗೆ ಕನಿಷ್ಠ ವಯಸ್ಸು 10 ವರ್ಷ, ಗರಿಷ್ಠ ಆಳ 12 ಮೀಟರ್. ಆದರೆ ನೀರು ಕಂಡರೆ ಎದೆ ಹೊಡೆದುಕೊಳ್ಳೋರು, ಬರೀ ಫೋಟೊಕ್ಕೆ ಅಂತ, ಗೆಳೆಯರ ಒತ್ತಾಯಕ್ಕೆ ಅಂತ ಇಳಿಯೋದು ಬ್ಯಾಡ. ಕೆಳಗೆ ಹೋದ ಮೇಲೆ ಗಾಬರಿ ಆದರೆ ಅದೇ ಮೊದಲ ಅಪಾಯ.

12 ಮೀಟರ್ ಅಂದ್ರೆ ಎಷ್ಟು? ಮೂರು ಅಂತಸ್ತಿನ ಕಟ್ಟಡಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿ 10 ಮೀಟರ್ ಇಳಿದಾಗ ನಮ್ಮ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಮೊದಲು ಗೊತ್ತಾಗೋದು ಕಿವಿಗೆ. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟಿದಂತಾಗುತ್ತದಲ್ಲ, ಅದರ ಎಷ್ಟೋ ಪಟ್ಟು. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಬರೋ ಮುಂಚೆ, ಇಳಿಯೋಕೆ ಶುರು ಮಾಡಿದ ಕೂಡಲೇ, ಮತ್ತೆ ಮತ್ತೆ. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಪ್ರಯತ್ನಿಸಬೇಕು. ನೆಗಡಿ ಇದ್ದರೆ ಆ ದಾರಿಯೇ ಮುಚ್ಚಿರುತ್ತದೆ. ಒತ್ತಾಯ ಮಾಡಿದರೆ ತಮಟೆ ಹರಿಯಬಹುದು. ದುಡ್ಡು ಕಟ್ಟಾಗಿದೆ ಅಂತ ನೆಗಡಿಯಲ್ಲಿ ಇಳಿಯಬ್ಯಾಡ್ರಿ.

ಎರಡನೆಯದು, ಉಸಿರು. ಸ್ಕೂಬಾದಲ್ಲಿ ಒಂದೇ ಒಂದು ನಿಯಮ ನೆನಪಿಡೋದಾದ್ರೆ ಇದು: ಉಸಿರು ಹಿಡಿಯಬಾರದು. 10 ಮೀಟರ್ ಆಳದಲ್ಲಿ ಪುಪ್ಪುಸದ ತುಂಬ ಎಳೆದುಕೊಂಡ ಗಾಳಿ, ಹಿಡಿದುಕೊಂಡೇ ಮೇಲೆ ಬಂದರೆ, ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಬಲೂನಿಗೆ ಏನಾಗುತ್ತದೋ ಪುಪ್ಪುಸಕ್ಕೂ ಅದೇ. ಹೊಳೆಯಲ್ಲಿ ಈಜಿ ಬೆಳೆದ ನಮ್ಮ ಹುಡುಗರಿಗೆ ಇದು ಕಷ್ಟ, ಯಾಕಂದ್ರೆ ಅವರಿಗೆ ಮುಳುಗೋದು ಅಂದ್ರೆ ಉಸಿರು ಹಿಡಿಯೋದು ಅಂತಲೇ ರೂಢಿ. ತುಂಗಭದ್ರೆಯಲ್ಲಿ ಸರಿಯಾದ ರೂಢಿ ನೇತ್ರಾಣಿಯಲ್ಲಿ ಅಪಾಯ. ಅಲ್ಲಿ ಎಳೆದುಕೊಳ್ರಿ, ಬಿಡ್ರಿ, ಎಳೆದುಕೊಳ್ರಿ, ಬಿಡ್ರಿ. ಅಷ್ಟೇ.

ಮೂರನೆಯದು, ಸನ್ನೆ. ಹೆಬ್ಬೆರಳು ಮೇಲೆತ್ತಿ ತೋರಿಸಿದರೆ ನೆಲದ ಮೇಲೆ ‘ಛಲೋ ಐತಿ’ ಅಂತ ಅರ್ಥ. ನೀರಿನ ಕೆಳಗೆ ಅದರರ್ಥ ‘ಮೇಲೆ ಹೋಗೋಣ’. ಎಲ್ಲ ಸರಿಯಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಕ್ಯಾಮೆರಾ ಕಂಡ ಕೂಡಲೇ ಹೆಬ್ಬೆರಳು ಎತ್ತೋರು ಹೆಚ್ಚು. ತರಬೇತುದಾರ ಅದನ್ನು ನಿಜ ಅಂದುಕೊಂಡರೆ ನಿಮ್ಮ ಮುಳುಗು ಅಲ್ಲಿಗೆ ಮುಗೀತು.

ಕೆಂಪು ಕಾಣೋದಿಲ್ಲ

ಈಗ ಬ್ಯಾಡಗಿಯವರಿಗೆ ಒಂದು ಮಾತು. ನಿಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದರ ಹೆಸರೇ ಇರೋದು ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಹೆಚ್ಚು. ಕರಾವಳಿಯ ಅಡುಗೆಮನೆಯಲ್ಲಿ ಮೀನಿನ ಸಾರು ಕೆಂಪಗಿರೋದು ನಿಮ್ಮ ಕಾಯಿಂದ. ಆದರೆ ಅದೇ ಡಬ್ಬಿ ಕಾಯಿ ಒಂದನ್ನು ಹಿಡಿದು 12 ಮೀಟರ್ ಕೆಳಗೆ ಹೋದರೆ ಅದು ಕೆಂಪಗೆ ಕಾಣೋದಿಲ್ಲ. ಕಪ್ಪು ಮಿಶ್ರಿತ ಕಂದು. ಕೆಟ್ಟ ಕಾಯಿ ಅಂತ ದಲಾಲರು ಬದಿಗೆ ತಳ್ಳೋ ಹಂಗ.

ಯಾಕಂದ್ರೆ ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ಹೀರಿಕೊಳ್ಳುತ್ತದೆ, ಮೊದಲು ಹೋಗೋದೇ ಕೆಂಪು. ಆಮೇಲೆ ಕಿತ್ತಳೆ, ಹಳದಿ. ಉಳಿಯೋದು ನೀಲಿ, ಹಸಿರು. ಆದ್ದರಿಂದಲೇ ಆಳದಲ್ಲಿರೋ ಎಷ್ಟೋ ಮೀನು ಕೆಂಪಗಿವೆ. ಕರಾವಳಿಯವರು ಕೆಂಬೇರಿ ಅನ್ನೋ ಮೀನು ಮಾರುಕಟ್ಟೆಯಲ್ಲಿ ಎಷ್ಟು ಕೆಂಪಗೆ ಎದ್ದು ಕಾಣುತ್ತದೆ! ಅದು ಬದುಕೋ ಜಾಗದಲ್ಲಿ ಆ ಕೆಂಪೇ ಅದಕ್ಕೆ ಮರೆ. ಟಾರ್ಚ್ ಹಾಕಿದರೆ ಮಾತ್ರ ಬಣ್ಣ ಮರಳಿ ಬರುತ್ತದೆ. ಇನ್ಸ್ಟಾಗ್ರಾಮ್‌ನಲ್ಲಿ ಕಾಣೋ ಝಗಮಗ ಫೋಟೊಗಳ ಹಿಂದೆ ದೊಡ್ಡ ದೀಪ ಇರುತ್ತದೆ, ಇಲ್ಲವಾದರೆ ಆಮೇಲೆ ಬಣ್ಣ ತಿದ್ದಿರುತ್ತಾರೆ.

ಇನ್ನೊಂದು ವಿಷಯ. ನೀರಿನ ಕೆಳಗೆ ಮುಖಗವಸಿನ ಗಾಜಿನ ಮೂಲಕ ನೋಡಿದಾಗ ಎಲ್ಲವೂ ಇರೋದಕ್ಕಿಂತ ಹತ್ತಿರ, ಸುಮಾರು ಮೂರನೇ ಒಂದು ಪಾಲು ದೊಡ್ಡದು. ‘ಇಷ್ಟುದ್ದ ಮೀನು ನೋಡಿದೆ’ ಅಂತ ಯಾರಾದರೂ ಕೈ ಅಗಲಿಸಿದರೆ ಸ್ವಲ್ಪ ಕಡಿಮೆ ಮಾಡಿ ನಂಬ್ರಿ. ಅವರು ಸುಳ್ಳು ಹೇಳ್ತಿಲ್ಲ, ನೀರು ಹೇಳ್ತೈತಿ.

ಯಾರ್ಯಾರು ಕಾಣ್ತಾರೆ?

ಚಿಟ್ಟೆ ಮೀನು ಜೋಡಿಯಾಗಿ ಓಡಾಡುತ್ತಿರುತ್ತವೆ. ಮೈಮೇಲೆ ಪಟ್ಟೆ ಪಟ್ಟೆ ಇರೋ ಸಾರ್ಜೆಂಟ್ ಮೀನಿನ ಹಿಂಡು ಸುತ್ತುವರಿಯುತ್ತದೆ. ಗಿಳಿ ಮೀನಿನ ಬಾಯಿ ನಿಜವಾಗಿ ಗಿಳಿಯ ಕೊಕ್ಕಿನ ಹಾಗೆ. ಕಿವಿಗೊಟ್ಟು ಕೇಳಿದರೆ ಅದು ಬಂಡೆ ಕೆರೆಯೋ ‘ಕರಕರ’ ಸದ್ದು ಕೇಳುತ್ತದೆ. ಅದು ಪಾಚಿಯ ಜೊತೆ ಹವಳದ ಕಲ್ಲನ್ನೂ ಕೆರೆದು ತಿಂದು, ಹೊಟ್ಟೆಯಲ್ಲಿ ಅರೆದು, ಮರಳು ಮಾಡಿ ಹೊರಹಾಕುತ್ತದೆ. ಜಗತ್ತಿನ ಎಷ್ಟೋ ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು.

ಬಂಡೆ ಸಂದಿಯಲ್ಲಿ ಮೋರೆ ಹಾವುಮೀನು ತಲೆ ಹೊರಗಿಟ್ಟು ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಕಚ್ಚೋಕೆ ಬಂತು ಅಂತ ಗಾಬರಿ ಬ್ಯಾಡ. ಕಿವಿರಿಗೆ ನೀರು ಹಾಯಿಸೋಕೆ, ಅಂದರೆ ಉಸಿರಾಡೋಕೆ, ಅದು ಹಾಗೆ ಮಾಡುತ್ತದೆ. ಸಂದಿಯೊಳಗೆ ನೀವಾಗಿ ಕೈ ಹಾಕದಿದ್ದರೆ ಅದು ತನ್ನ ಪಾಡಿಗೆ ಇರುತ್ತದೆ. ಟ್ರಿಗರ್ ಮೀನು ಮಾತ್ರ ಮೊಟ್ಟೆ ಇಟ್ಟಾಗ ಮೈಮೇಲೆ ಬರಬಹುದು, ಅದರ ಗೂಡಿನಿಂದ ದೂರ ಸರಿಯಬೇಕು. ಮರಳಿನ ಮೇಲೆ ತೊರಕೆ ಮೀನು ಮಲಗಿರಬಹುದು. ಬಂಡೆಯ ಬಣ್ಣಕ್ಕೇ ಹೊಂದಿಕೊಂಡ, ಬೆನ್ನಿನ ಮುಳ್ಳಲ್ಲಿ ವಿಷ ಇರೋ ಚೇಳು ಮೀನೂ ಇರಬಹುದು. ಅದಕ್ಕೇ ಹೇಳೋದು, ಏನನ್ನೂ ಮುಟ್ಟಬ್ಯಾಡ್ರಿ. ಇದು ಮೀನಿನ ಮೇಲಿನ ಕನಿಕರಕ್ಕೆ ಮಾತ್ರ ಹೇಳೋ ಮಾತಲ್ಲ, ನಿಮ್ಮ ಕೈ ಉಳಿಸೋ ಮಾತು.

ಅದೃಷ್ಟ ಇದ್ದರೆ ಆಮೆ ಕಾಣಬಹುದು, ಬರಾಕುಡಾ ಹಿಂಡು ಕಾಣಬಹುದು, ಚಿಕ್ಕ ಶಾರ್ಕ್ ದೂರದಲ್ಲಿ ಹಾದು ಹೋಗಬಹುದು. ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಬರುತ್ತದೆ. ಜಗತ್ತಿನ ಅತಿ ದೊಡ್ಡ ಮೀನು, ಆದರೆ ತಿನ್ನೋದು ಆ ಪ್ಲವಕ, ಸಣ್ಣಪುಟ್ಟ ಮೀನು. ನೀರು ಹಸಿರಾಗಿದೆ ಅಂತ ನಾವು ಬೈದುಕೊಳ್ಳೋ ದಿನವೇ ಅದು ಬರೋ ಸಂಭವ ಹೆಚ್ಚು.

ಘಟ್ಟ ಹತ್ತುವ ಮುಂಚೆ

ಈಗ ಹೇಳೋದನ್ನು ನಮ್ಮ ಕಡೆಯವರು ಸ್ವಲ್ಪ ಗಮನ ಇಟ್ಟು ಕೇಳಬೇಕು. ಮಂಗಳೂರಿನವರಿಗೆ ಇದು ಅಷ್ಟು ಸಂಬಂಧ ಇಲ್ಲ, ನಮಗೆ ಇದೆ.

ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ನಮ್ಮ ರಕ್ತ, ಮಾಂಸದಲ್ಲಿ ಹೆಚ್ಚು ಕರಗುತ್ತದೆ. ಗೋಲಿ ಸೋಡಾ ಬಾಟಲಿ ಇದ್ದಂತೆ. ಗೋಲಿ ಒಳಗೆ ತಳ್ಳಿದ ಕೂಡಲೇ ಗುಳ್ಳೆ ಏಳುತ್ತದಲ್ಲ, ಒತ್ತಡ ಒಮ್ಮೆಲೇ ಇಳಿದರೆ ಮೈಯೊಳಗೂ ಗುಳ್ಳೆ ಏಳಬಹುದು. ಅದಕ್ಕೇ ಮೇಲೆ ಬರುವಾಗ ನಿಧಾನ, ನಿಮಿಷಕ್ಕೆ 9 ಮೀಟರ್ ಆಸುಪಾಸು. ಆಳದ ಮುಳುಗಿನಲ್ಲಿ 5 ಮೀಟರ್ ಮಟ್ಟದಲ್ಲಿ 3 ನಿಮಿಷ ನಿಂತು ಬರೋ ರೂಢಿಯೂ ಇದಕ್ಕೇ.

ಮೇಲೆ ಬಂದ ಮೇಲೂ ಆ ಸಾರಜನಕ ಹೊರಹೋಗೋಕೆ ತಾಸುಗಟ್ಟಲೆ ಬೇಕು. ವಿಮಾನ ಹತ್ತುವವರಿಗೆ ನಿಯಮ ಇದೆ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ತಾಸು, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ತಾಸು ಕಾಯಬೇಕು. ಈ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದ ಮೇಲಿನದಕ್ಕೆ. ಈಗ ನಮ್ಮ ದಾರಿ ನೋಡ್ರಿ. ಮುರುಡೇಶ್ವರ ಸಮುದ್ರಮಟ್ಟದಲ್ಲಿ. ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ, ಶಿರಸಿಗೆ ಬರುವಷ್ಟರಲ್ಲಿ ಸುಮಾರು 600 ಮೀಟರ್ ಎತ್ತರ. ಹಾವೇರಿಯೂ ಹೆಚ್ಚು ಕಡಿಮೆ ಅದೇ ಎತ್ತರದಲ್ಲಿದೆ. ಅಂದ್ರೆ ಆ ಲೆಕ್ಕದ ಕೆಳಗಿನ ಅಂಚಿನಲ್ಲೇ ನಾವು ಮನೆ ಕಟ್ಟಿಕೊಂಡು ಕೂತೇವಿ. ಗಾಳಿಯ ಒತ್ತಡ ಅಲ್ಲಿಗಿಂತ ಇಲ್ಲಿ ನೂರಕ್ಕೆ 7ರಷ್ಟು ಕಡಿಮೆ.

ಹೆದರಿಸೋಕೆ ಹೇಳ್ತಿಲ್ಲ. ಇಪ್ಪತ್ತು–ಇಪ್ಪತ್ತೈದು ನಿಮಿಷ, ಹತ್ತು–ಹನ್ನೆರಡು ಮೀಟರ್ ಒಳಗೆ, ಒಂದೇ ಸಲ ಇಳಿದವರಿಗೆ ಕರಗಿದ ಸಾರಜನಕ ಕಡಿಮೆ, ಅಪಾಯವೂ ಕಡಿಮೆ. ಆದರೆ ಪ್ರಮಾಣಪತ್ರ ಪಡೆದು, ಆಳಕ್ಕೆ ಎರಡು ಮೂರು ಸಲ ಇಳಿದವರು ಅದೇ ಮಧ್ಯಾಹ್ನ ಊಟ ಮಾಡಿ ಗಾಡಿ ಹತ್ತಿ ರಾತ್ರಿಗೆ ರಾಣೆಬೆನ್ನೂರು ಸೇರೋದು ಜಾಣತನ ಅಲ್ಲ. ಒಂದು ರಾತ್ರಿ ಕೆಳಗೇ ಉಳಿದು, ಮರುದಿನ ಹೊರಡ್ರಿ. ದೇವಸ್ಥಾನಗಳನ್ನು ಮುಂಚೆ ನೋಡಿ ಸ್ಕೂಬಾ ಕೊನೆಗೆ ಇಟ್ಟುಕೊಳ್ಳೋ ಬದಲು, ಸ್ಕೂಬಾ ಮೊದಲು ಮುಗಿಸಿ ಕರಾವಳಿಯ ದೇವಸ್ಥಾನ ಆಮೇಲೆ ನೋಡಿದರೆ ಖರ್ಚಿಲ್ಲದೆ ಸಮಯ ಸಿಗುತ್ತದೆ.

ಊರಿಗೆ ಬಂದ ಮೇಲೆ ಕೀಲು ನೋವು, ಕೈಕಾಲು ಜೋಮು, ಮೈ ತುರಿಕೆ, ತಲೆಸುತ್ತು, ಕಾರಣವಿಲ್ಲದ ಸುಸ್ತು ಕಂಡರೆ ‘ಗಾಡಿಯಾಗ ಕೂತು ಕೂತು ಮೈ ಹಿಡದೈತಿ’ ಅಂತ ಬಿಡಬ್ಯಾಡ್ರಿ. ಆಸ್ಪತ್ರೆಗೆ ಹೋಗಿ, ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: ‘ನಿನ್ನೆ ಸ್ಕೂಬಾ ಮಾಡಿದ್ದೆ, ಇಷ್ಟು ಆಳ, ಇಷ್ಟು ಹೊತ್ತು.’ ಬಯಲುಸೀಮೆಯ ವೈದ್ಯರಿಗೆ ಇಂಥ ರೋಗಿ ದಿನಾ ಬರೋದಿಲ್ಲ. ನೀವು ಹೇಳದಿದ್ದರೆ ಅವರಿಗೆ ಹೊಳೆಯೋದು ಕಷ್ಟ. ಹೇಳಿದರೆ ಕೂಡಲೇ ಆಮ್ಲಜನಕ ಕೊಟ್ಟು, ಮುಂದಿನ ಚಿಕಿತ್ಸೆಗೆ ಎಲ್ಲಿಗೆ ಕಳಿಸಬೇಕೆಂದು ನೋಡುತ್ತಾರೆ.

ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ಇರೋರು, ಇತ್ತೀಚೆಗೆ ಆಪರೇಷನ್ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ಇಳಿಯೋ ಮುಂಚೆ ಒಂದು ಆರೋಗ್ಯದ ಅರ್ಜಿ ತುಂಬಿಸಿಕೊಳ್ಳುತ್ತಾರೆ. ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಮಾಡಿ ಸಹಿ ಹಾಕೋದು ನಮ್ಮ ಕೆಟ್ಟ ಚಾಳಿ. ಅದು ಅವರಿಗಾಗಿ ತುಂಬೋ ಕಾಗದ ಅಲ್ಲ, ನಿಮಗಾಗಿ.

ದಂಡೆಯೇ ಹೆಚ್ಚು ಅಪಾಯ

ಒಂದು ನೋವಿನ ಮಾತು ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಅವರು ಸ್ಕೂಬಾಕ್ಕೆ ಹೋದವರಲ್ಲ, ದಂಡೆಯಲ್ಲಿ ಆಡೋಕೆ ಇಳಿದವರು. ಕೋಲಾರದ ಹಾಗೆ ನಮ್ಮದೂ ಬಯಲುಸೀಮೆ. ನಮ್ಮ ಶಾಲೆಯ ಬಸ್ಸುಗಳೂ ಡಿಸೆಂಬರ್‌ನಲ್ಲೇ ಅಲ್ಲಿಗೆ ಹೋಗೋದು.

ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ನೋಡಿದರೆ ಗೊತ್ತಾಗುತ್ತದೆ. ಸಮುದ್ರದ ಅಲೆ ದಂಡೆಗೆ ತಂದ ನೀರು ವಾಪಸ್ ಹೋಗೋಕೆ ಎಲ್ಲೋ ಒಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ‘ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ’ ಅಂತ ತಿಳಿಯದವರು ಆರಿಸಿಕೊಳ್ಳೋದು ಆ ಜಾಗವನ್ನೇ. ಸೆಳೆತಕ್ಕೆ ಸಿಕ್ಕರೆ ಅದಕ್ಕೆ ಎದುರಾಗಿ ದಂಡೆಯ ಕಡೆ ಈಜಿ ಸುಸ್ತಾಗಬಾರದು. ದಂಡೆಗೆ ಸಮಾನಾಂತರವಾಗಿ ಬದಿಗೆ ಸರಿದು, ಆಮೇಲೆ ಒಳಗೆ ಬರಬೇಕು. ಈಜು ಬರದವರು ತೇಲುತ್ತಾ ಕೈ ಎತ್ತಿ ಕರೆಯಬೇಕು. ಜೀವರಕ್ಷಕರು ಇರುವ ಜಾಗ ಬಿಟ್ಟು, ಕೆಂಪು ಬಾವುಟ ಇದ್ದ ಕಡೆ ಇಳಿಯಬಾರದು. ಪ್ರವಾಸ ಕರೆದೊಯ್ಯುವ ಶಿಕ್ಷಕರು, ಬಸ್ ಹೊರಡೋ ಮುಂಚೆ ತರಗತಿಯಲ್ಲೇ ಹತ್ತು ನಿಮಿಷ ಇದನ್ನು ಹೇಳಿದರೆ ಸಾಕು.

ಕೃಷ್ಣಮೃಗ ಮತ್ತು ಹವಳ

ರಾಣೆಬೆನ್ನೂರಿನವರಿಗೆ ಕೃಷ್ಣಮೃಗ ಅಂದ್ರೆ ಹೆಮ್ಮೆ. 1974ರಲ್ಲಿ ಅಭಯಾರಣ್ಯ ಆಯ್ತು, ಮೃಗಗಳು ಉಳಿದವು. ಅದೇ ಜಾಗದಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಹೆಬ್ಬಕ ಹಕ್ಕಿ ಮಾತ್ರ ಈಗ ಕಾಣೋದಿಲ್ಲ. ಕಾಪಾಡಿದ್ದು ಉಳೀತು, ತಡವಾದದ್ದು ಹೋಯ್ತು. ಈ ಪಾಠ ನಮಗೆ ಮನೆ ಹತ್ತಿರವೇ ಸಿಕ್ಕಿದೆ.

ನೇತ್ರಾಣಿಯ ಮೇಲಿನ ಒತ್ತಡ ಒಂದೆರಡಲ್ಲ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಾ ಬಂದದ್ದಕ್ಕೆ ಪರಿಸರ ಪ್ರಿಯರು ಆಕ್ಷೇಪ ಎತ್ತಿದ್ದರು. ಸಮುದ್ರ ಬಿಸಿಯಾಗುತ್ತಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ ಎಂದು ಘೋಷಿಸಿತು. ಇಂಥದ್ದು ಇದು ನಾಲ್ಕನೇ ಸಲ. ಇವು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರೋದು ದೋಣಿಯ ಲಂಗರು, ನಮ್ಮ ಕಾಲು, ನಮ್ಮ ಪ್ಲಾಸ್ಟಿಕ್ ಬಾಟಲಿ. ಹವಳದ ಮೇಲೆ ಬಿದ್ದ ಒಂದು ಲಂಗರು ಎಷ್ಟೋ ವರ್ಷ ಬೆಳೆದದ್ದನ್ನು ಒಂದು ಕ್ಷಣದಲ್ಲಿ ಮುರಿಯುತ್ತದೆ. ಗಟ್ಟಿ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ತಿಮಿಂಗಿಲ ಶಾರ್ಕ್ ಕೂಡ. ಅಂದ್ರೆ ನೆನಪಿಗೆ ಅಂತ ಒಂದು ಹವಳದ ತುಂಡು ಕಿಸೆಗೆ ಹಾಕಿಕೊಂಡರೂ ಅದು ಕೃಷ್ಣಮೃಗದ ಕೊಂಬು ಒಯ್ದಷ್ಟೇ ಗಂಭೀರ ಅಪರಾಧ.

ಸ್ಪೇನ್ ದೇಶದ ಕರಾವಳಿಯಲ್ಲಿ ಮೇಡೆಸ್ ಅಂತ ಸಣ್ಣ ದ್ವೀಪಗಳಿವೆ. ನೇತ್ರಾಣಿಯ ಹಾಗೇ ಬಂಡೆಯ ಜಾಗ. 1983ರಲ್ಲಿ ಅವುಗಳ ಸುತ್ತ ಮೀನು ಹಿಡಿಯೋದನ್ನು ನಿಲ್ಲಿಸಿದರು. ನಮ್ಮ ಕರಾವಳಿಯವರು ಮುರು ಅನ್ನೋ ಮೀನಿನ ಜಾತಿಯ ದೊಡ್ಡ ದೊಡ್ಡ ಗ್ರೂಪರ್‌ಗಳು ಅಲ್ಲಿ ಮರಳಿ ಬಂದವು. ಈಗ ಅದು ಮೆಡಿಟರೇನಿಯನ್ನಿನ ಹೆಸರಾಂತ ಸ್ಕೂಬಾ ತಾಣ. ದೋಣಿಗಳು ಲಂಗರು ಹಾಕುವಂತಿಲ್ಲ, ಖಾಯಂ ತೇಲುಬುರುಡೆಗೆ ಹಗ್ಗ ಕಟ್ಟಬೇಕು; ಎಷ್ಟು ಜನ ಇಳಿಯಬಹುದು ಅನ್ನೋದಕ್ಕೂ ಮಿತಿ ಇದೆ. ಮೀನು ಬಿಟ್ಟರೆ ಊರಿಗೆ ಬದುಕಿಲ್ಲ ಅನ್ನೋ ವಾದ ಅಲ್ಲೂ ಇತ್ತು. ಬದುಕಿರೋ ಮೀನನ್ನು ನೋಡೋಕೆ ಬರೋರಿಂದ ಆ ಊರು ಬದುಕಿತು. ನಮ್ಮಲ್ಲೂ ಹಾಗೇ ಆಗಬೇಕಾದರೆ ಮೀನುಗಾರರನ್ನು ಬಿಟ್ಟು ಆಗೋದಿಲ್ಲ, ಆ ಆದಾಯದ ಪಾಲು ಅವರ ಮನೆಗೆ ಹೋಗಬೇಕು.

ಕಾಯಿ ಮುರಿದು ನೋಡೋ ಹಂಗ

ಕೊನೆಯ ಮಾತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಬಿಚ್ಚದೆ ಯಾರಾದರೂ ಕಾಯಿ ಕೊಳ್ಳುತ್ತಾರೇನ್ರೀ? ಕೈ ಹಾಕಿ ತೆಗೀತಾರೆ, ಮುರಿದು ನೋಡ್ತಾರೆ, ಮೂಸ್ತಾರೆ, ಹಸಿ ಐತೋ ಒಣಗೈತೋ ಅಂತ ಹಿಸುಕ್ತಾರೆ. ಆಮೇಲೆ ದರ. ಜೀವ ಒಪ್ಪಿಸೋ ವ್ಯವಹಾರದಲ್ಲಿ ಮಾತ್ರ ನಾವು ದರದಿಂದ ಶುರು ಮಾಡ್ತೀವಿ.

ಕೇಳ್ರಿ: ತರಬೇತುದಾರನ ಪ್ರಮಾಣಪತ್ರ ತೋರಿಸ್ತೀರಾ? ಒಬ್ಬ ತರಬೇತುದಾರನಿಗೆ ಎಷ್ಟು ಜನ? ದೋಣಿಯಲ್ಲಿ ತುರ್ತು ಆಮ್ಲಜನಕದ ಸಿಲಿಂಡರ್ ಐತೇನು? ಎಲ್ಲರಿಗೂ ಲೈಫ್ ಜಾಕೆಟ್ ಅದಾವೇನು? ಇಳಿಯೋ ಮುಂಚೆ ಆಳವಿಲ್ಲದ ನೀರಿನಲ್ಲಿ ಉಸಿರಾಟ, ಮುಖಗವಸಿನ ನೀರು ತೆಗೆಯೋದು ಕಲಿಸ್ತೀರಾ? ದೋಣಿ ಲಂಗರು ಹಾಕ್ತದೋ, ತೇಲುಬುರುಡೆಗೆ ಕಟ್ತದೋ? ಸಮುದ್ರ ಸರಿಯಿಲ್ಲ ಅಂತ ರದ್ದು ಮಾಡಿದರೆ ದುಡ್ಡು ವಾಪಸ್ಸೋ, ಬೇರೆ ದಿನವೋ?

ಈ ಕೊನೆಯ ಪ್ರಶ್ನೆ ಭಾಳ ಮುಖ್ಯ. ‘ಇವತ್ತ ಗಾಳಿ ಜೋರೈತಿ, ದೋಣಿ ಬಿಡೂದಿಲ್ಲ’ ಅಂತ ಹೇಳೋರ ಜೊತೆ ಜಗಳ ಆಡಬ್ಯಾಡ್ರಿ. ಆ ದಿನ ನಿಮ್ಮ ಜೀವಕ್ಕೆ ಬೆಲೆ ಕೊಟ್ಟೋರು ಅವರೇ. ಗಿರಾಕಿ ಇಂಥ ಪ್ರಶ್ನೆ ಕೇಳೋಕೆ ಶುರು ಮಾಡಿದರೆ, ಚೆನ್ನಾಗಿ ಕೆಲಸ ಮಾಡೋರು ಉಳೀತಾರೆ, ಅಡ್ಡಾದಿಡ್ಡಿ ಮಾಡೋರು ತಿದ್ದಿಕೊಳ್ತಾರೆ. ಮಾರುಕಟ್ಟೆ ನಡೆಯೋದೇ ಹಂಗ, ನಿಮಗೆ ನಾನು ಹೇಳಬೇಕಿಲ್ಲ.

ಇವತ್ತಿಗೆ ಇಷ್ಟು ಸಾಕು. ಮನೆಯಲ್ಲಿ ಯಾರಾದರೂ ಈ ಚಳಿಗಾಲದಲ್ಲಿ ಮುರುಡೇಶ್ವರಕ್ಕೆ ಹೊರಟಿದ್ದರೆ, ಹೊರಡೋ ಮುಂಚೆ ಇದನ್ನೊಮ್ಮೆ ಕೇಳಿಸ್ರಿ.